ಸರ್ವೆ ನಂಬರ್, ಹಿಸ್ಸಾ ಮತ್ತು ಜಾಂಗೋದ 373ನೇ ಟಿಕೆಟ್

ಕರ್ನಾಟಕದಲ್ಲಿ ಒಂದು ತುಂಡು ಹೊಲವನ್ನು ಒಂದೇ ಸಂಖ್ಯೆಯಿಂದ ಗುರುತಿಸಲು ಬರುವುದಿಲ್ಲ. ಭೂಮಿ ತಂತ್ರಾಂಶದಲ್ಲಿ ಪಹಣಿ ನೋಡಿದ ಯಾರಿಗೇ ಆದರೂ ಇದು ಗೊತ್ತು. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆರಿಸಿಕೊಂಡ ಮೇಲೆ ಸರ್ವೆ ನಂಬರ್ ಕೊಡಬೇಕು. ಆಮೇಲೆ ಸರ್‌ನಾಕ್ ಎಂಬ ಕಾಲಂ, ಅದರಲ್ಲಿ ಬಹುಮಟ್ಟಿಗೆ ಬರೀ ನಕ್ಷತ್ರದ ಗುರುತು. ಕೊನೆಗೆ ಹಿಸ್ಸಾ. ಅಣ್ಣತಮ್ಮಂದಿರು ಪಾಲಾದಂತೆಲ್ಲ ಹಿಸ್ಸಾ ಹೆಚ್ಚುತ್ತಾ ಹೋಗುತ್ತದೆ, ಸರ್ವೆ ನಂಬರ್ ಹಾಗೆಯೇ ಉಳಿಯುತ್ತದೆ. ಗ್ರಾಮ, ಸರ್ವೆ ನಂಬರ್, ಸರ್‌ನಾಕ್, ಹಿಸ್ಸಾ ಈ ನಾಲ್ಕೂ ಕೂಡಿದರೆ ಮಾತ್ರ ಹೊಲಕ್ಕೊಂದು ಗುರುತು.

ಕಲಬುರಗಿಯ ಒಂದು ರೈತ ಉತ್ಪಾದಕರ ಸಂಸ್ಥೆಯ ತಂತ್ರಾಂಶವನ್ನು ನಾನು ನೋಡಿಕೊಳ್ಳುತ್ತೇನೆ. ಆಳಂದ, ಜೇವರ್ಗಿ, ಚಿತ್ತಾಪುರ ತಾಲ್ಲೂಕುಗಳ ಸದಸ್ಯರು ಯಾವ ಹೊಲದಲ್ಲಿ ಯಾವ ತಳಿಯ ತೊಗರಿ ಬಿತ್ತಿದರು, ಟಿಎಸ್-3ಆರ್ ಎಷ್ಟು ಎಕರೆ, ಜಿಆರ್‌ಜಿ-811 ಎಷ್ಟು ಎಕರೆ, ರಾಶಿಯಾದ ಮೇಲೆ ಎಷ್ಟು ಕ್ವಿಂಟಲ್ ಬಂತು ಎಂಬುದೆಲ್ಲ ಅದರಲ್ಲಿದೆ. 2019ರಲ್ಲಿ ಇಲ್ಲಿನ ತೊಗರಿಬೇಳೆಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕ ಮೇಲೆ, ಈ ಕಾಳು ಇಂಥ ಹೊಲದ್ದು ಎಂದು ತೋರಿಸುವ ಲೆಕ್ಕಕ್ಕೆ ಇನ್ನಷ್ಟು ಬೆಲೆ ಬಂದಿದೆ. ತಂತ್ರಾಂಶ ಬರೆದದ್ದು ಜಾಂಗೋದಲ್ಲಿ, ಅಂದರೆ ಪೈಥಾನ್ ಭಾಷೆಯಲ್ಲಿ ಜಾಲತಾಣ ಕಟ್ಟಲು ನೆರವಾಗುವ ಮುಕ್ತ ಚೌಕಟ್ಟಿನಲ್ಲಿ. ಅದರ ಅಡಿಯಲ್ಲಿರುವ, ದತ್ತಾಂಶ ಕೂಡಿಡುವ ಪೋಸ್ಟ್‌ಗ್ರೆಸ್ ಕೋಷ್ಟಕಗಳು ಮಾತ್ರ ನಾನು ಬರುವ ಮೊದಲೇ ಬೇರೆಯವರು ಕಟ್ಟಿಟ್ಟವು. ಹೊಲಗಳ ಕೋಷ್ಟಕಕ್ಕೆ ಅವರು ಮೇಲಿನ ನಾಲ್ಕನ್ನೂ ಸೇರಿಸಿ ಪ್ರೈಮರಿ ಕೀ, ಅಂದರೆ ಪ್ರತಿ ಸಾಲನ್ನು ಬೇರೆಯಾಗಿ ಗುರುತಿಸುವ ಕೀ, ಮಾಡಿದ್ದರು. ತಕ್ಕ ಕೆಲಸವೇ ಅದು. ಆದರೆ ಜಾಂಗೋ ಆಗ ಒಂದೇ ಕಾಲಂನ ಪ್ರೈಮರಿ ಕೀಯನ್ನು ಮಾತ್ರ ಒಪ್ಪುತ್ತಿತ್ತು. ಇರುವ ಕೋಷ್ಟಕವನ್ನು ಓದಿ ಮಾಡೆಲ್ (ಕೋಷ್ಟಕವನ್ನು ವಿವರಿಸುವ ಕೋಡ್) ಬರೆದುಕೊಡುವ ಇನ್‌ಸ್ಪೆಕ್ಟ್‌ಡಿಬಿ ಆದೇಶ ಕೊಟ್ಟರೆ ಅದು ಪಕ್ಕದಲ್ಲಿ ಒಂದು ಷರಾ ಬರೆಯುತ್ತಿತ್ತು: ಕಾಂಪೋಸಿಟ್ (ಹಲವು ಕಾಲಂ ಕೂಡಿದ) ಪ್ರೈಮರಿ ಕೀ ಕಂಡಿದೆ, ಅದಕ್ಕೆ ಬೆಂಬಲವಿಲ್ಲ, ಮೊದಲ ಕಾಲಂ ಆರಿಸಿಕೊಳ್ಳಲಾಗಿದೆ. ನಮ್ಮ ಮೊದಲ ಕಾಲಂ ಗ್ರಾಮದ ಸಂಕೇತ. ಅಂದರೆ ಒಂದು ಊರಿನ ಹೊಲಗಳೆಲ್ಲ ಜಾಂಗೋದ ಲೆಕ್ಕದಲ್ಲಿ ಒಂದೇ ಹೊಲ. ಹಾಗಾಗಿ ಆ ಕೋಷ್ಟಕವನ್ನು ಮುಟ್ಟುವ ಪ್ರತಿಯೊಂದನ್ನೂ ನೇರವಾಗಿ ಕೋಷ್ಟಕಗಳ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ಬರೆದು ದಿನ ದೂಡುತ್ತಿದ್ದೆವು.

ಇದಕ್ಕೆ ಪರಿಹಾರ ಕೇಳುವ ಟಿಕೆಟ್ (ದೋಷ ಅಥವಾ ಬೇಡಿಕೆಯ ದಾಖಲೆ) ಜಾಂಗೋ ಯೋಜನೆಯಲ್ಲಿ 2005ರಿಂದಲೂ ತೆರೆದೇ ಇತ್ತು. ಸಂಖ್ಯೆ 373. ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಎಂಬ ಊರಿನ ಪತ್ರಿಕಾ ಕಚೇರಿಯಲ್ಲಿ ಹುಟ್ಟಿದ ಜಾಂಗೋ ಸಾರ್ವಜನಿಕರ ಕೈಗೆ ಬಂದದ್ದೇ ಆ ವರ್ಷದ ಜುಲೈಯಲ್ಲಿ. ಈಗ ಟಿಕೆಟ್‌ಗಳ ಸಂಖ್ಯೆ 36 ಸಾವಿರ ದಾಟಿದೆ. ಅಷ್ಟು ಹಳೆಯ ಬೇಡಿಕೆ ಇಷ್ಟು ವರ್ಷ ಏಕೆ ಬಾಕಿ ಉಳಿಯಿತು ಎಂದು ತಿಳಿಯಲು ಆ ಟಿಕೆಟ್ಟಿನ ಮಾತುಕತೆಯನ್ನು ಮೊದಲಿನಿಂದ ಓದಿದೆ. ಸಿಟ್ಟಿನಿಂದ ಓದಲು ಕುಳಿತವನಿಗೆ ಮುಗಿಸುವ ಹೊತ್ತಿಗೆ ಗೌರವ ಮೂಡಿತ್ತು.

ತೊಡಕು ಒಂದು ಕಡೆ ಇರಲಿಲ್ಲ. ಪ್ರೈಮರಿ ಕೀ ಎಂದರೆ ಒಂದು ಕಾಲಂ, ಒಂದು ಮೌಲ್ಯ ಎಂಬ ನಂಬಿಕೆ ಜಾಂಗೋದ ಮೂಲೆಮೂಲೆಯಲ್ಲೂ ಸೇರಿಕೊಂಡಿತ್ತು. ಒಂದು ಕೋಷ್ಟಕದಿಂದ ಇನ್ನೊಂದಕ್ಕೆ ಕೊಂಡಿ ಹಾಕುವ ಫಾರಿನ್ ಕೀ ಅದನ್ನು ನಂಬಿ ನಿಂತಿದೆ. ದಾಖಲೆಗಳನ್ನು ನೋಡಿ ತಿದ್ದುವ ಅಡ್ಮಿನ್ ಪುಟಗಳ ವಿಳಾಸ ಅದರಿಂದಲೇ ಹುಟ್ಟುತ್ತದೆ. ಯಾವ ಮಾಡೆಲ್‌ಗೆ ಬೇಕಾದರೂ ಕೊಂಡಿ ಹಾಕುವ ಜೆನೆರಿಕ್ ಸಂಬಂಧಗಳಲ್ಲಿ ಆ ಮೌಲ್ಯವನ್ನು ಒಂದೇ ಕಾಲಂನಲ್ಲಿ ಬರೆದಿಡುತ್ತಾರೆ. ಹಿಂದೆ ಕೈ ಹಾಕಿದವರಿಗೆ ಎಲ್ಲವನ್ನೂ ಒಟ್ಟಿಗೆ ಸರಿಪಡಿಸುವ ಒತ್ತಡವಿತ್ತು. ಪ್ಯಾಚ್, ಅಂದರೆ ಕೋಡ್ ತಿದ್ದುಪಡಿ, ದೊಡ್ಡದಾದಷ್ಟೂ ಪರಿಶೀಲಿಸುವವರು ಕಡಿಮೆಯಾಗುತ್ತಾರೆ. ಪರಿಶೀಲನೆ ತಡವಾದಷ್ಟೂ ಜಾಂಗೋ ಕೋಡಿನ ಮುಖ್ಯ ಶಾಖೆ ಮುಂದೆ ಓಡುತ್ತದೆ, ಪ್ಯಾಚ್ ಹಳಸುತ್ತದೆ.

2024ರಲ್ಲಿ ಮುಕ್ತ ತಂತ್ರಾಂಶಕ್ಕೆ ಹೊಸಬರನ್ನು ತರುವ ಗೂಗಲ್ ಸಮ್ಮರ್ ಆಫ್ ಕೋಡ್ ಯೋಜನೆಯಡಿ ಈ ಕೆಲಸವನ್ನು ಮತ್ತೆ ಎತ್ತಿಕೊಂಡಾಗ ಆದ ದೊಡ್ಡ ಬದಲಾವಣೆ, ನನ್ನ ಪ್ರಕಾರ, ಕೋಡ್‌ಗಿಂತ ಹೆಚ್ಚಾಗಿ ಯೋಜನೆಯದು. ಏನು ಮಾಡಬೇಕು ಎಂಬುದರ ಜೊತೆಗೆ ಏನನ್ನು ಈಗ ಮಾಡುವುದಿಲ್ಲ ಎಂಬುದೂ ನಿಶ್ಚಯವಾಯಿತು. ಹಲವು ಕಾಲಂಗಳನ್ನು ಒಂದು ಗುಂಪಾಗಿ ಹೋಲಿಸುವ ವ್ಯವಸ್ಥೆ ಬಂತು, ಕಾಂಪೋಸಿಟ್ ಪ್ರೈಮರಿ ಕೀ ಎಂಬ ಹೊಸ ಫೀಲ್ಡ್ ಬಂತು. ಆದರೆ ಅಂಥ ಮಾಡೆಲ್ ಅಡ್ಮಿನ್‌ನಲ್ಲಿ ಸೇರದು. ಬೇರೆ ಮಾಡೆಲ್‌ಗಳಿಂದ ಅದಕ್ಕೆ ಫಾರಿನ್ ಕೀ ಹಾಕಲು ಬರದು. ಈಗಾಗಲೇ ಇರುವ ಕೋಷ್ಟಕವನ್ನು ಒಂಟಿ ಕೀಯಿಂದ ಕೂಡು ಕೀಗೆ ಮೈಗ್ರೇಷನ್ (ಕೋಷ್ಟಕದ ರಚನೆ ಬದಲಿಸುವ ಕ್ರಮ) ಮೂಲಕ ಬದಲಿಸಲೂ ಬರದು. ಈ ಮಿತಿಗಳನ್ನೆಲ್ಲ ಕೈಪಿಡಿಯಲ್ಲಿ ನೇರವಾಗಿ ಬರೆದರು. ನನ್ನ ಜೊತೆ ಕೆಲಸ ಮಾಡುವ ಗೆಳೆಯನಿಗೆ ಇದು ಅರೆಬೆಂದ ಅಡುಗೆಯಂತೆ ಕಂಡಿತು. ಅಡ್ಮಿನ್ ಇಲ್ಲದ ಮೇಲೆ ಏನು ಪ್ರಯೋಜನ ಎಂದು ವಾದಿಸಿದ. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಎಲ್ಲವೂ ಬರಲಿ ಎಂದು ಕಾಯುತ್ತ ಇಪ್ಪತ್ತು ವರ್ಷ ಸರಿದುಹೋಗಿದ್ದನ್ನು ಆ ಟಿಕೆಟ್ಟೇ ಹೇಳುತ್ತಿತ್ತು.

ಜಾಂಗೋದಲ್ಲಿ ಯೋಜನೆ ಎಂದರೆ ಏನು ಎಂಬುದು ನನಗೆ ಸರಿಯಾಗಿ ಹಿಡಿತಕ್ಕೆ ಬಂದದ್ದು ಈ ಅನುಭವದಿಂದ. ಅಲ್ಲಿ ತಾರೀಖು ಗಟ್ಟಿ, ಪಟ್ಟಿ ಸಡಿಲ. ಸುಮಾರು ಎಂಟು ತಿಂಗಳಿಗೊಂದು ಹೊಸ ಆವೃತ್ತಿ ಬರುತ್ತದೆ. 5.0 ಬಂದದ್ದು 2023ರ ಡಿಸೆಂಬರ್‌ನಲ್ಲಿ, 5.1 ಬಂದದ್ದು 2024ರ ಆಗಸ್ಟ್‌ನಲ್ಲಿ, 5.2 ಬಂದದ್ದು 2025ರ ಏಪ್ರಿಲ್‌ನಲ್ಲಿ. ಮೊದಲು ಆಲ್ಫಾ ಎಂಬ ಪರೀಕ್ಷಾ ಆವೃತ್ತಿ, ಆ ದಿನದ ಹೊತ್ತಿಗೆ ಮುಖ್ಯ ಶಾಖೆಗೆ ಸೇರದ ಹೊಸ ಸೌಲಭ್ಯ ಮುಂದಿನ ಆವೃತ್ತಿಗೆ ಕಾಯಬೇಕು. ಆಮೇಲೆ ಬೀಟಾ, ಆಮೇಲೆ ಬಿಡುಗಡೆಯ ಅಭ್ಯರ್ಥಿ. ಆ ಘಟ್ಟದಲ್ಲಿ ತೆರೆಯ ಮೇಲೆ ಕಾಣುವ ವಾಕ್ಯಗಳೂ ಸ್ಥಿರವಾಗುತ್ತವೆ, ಅನುವಾದಕರಿಗೆ ಕನಿಷ್ಠ ಎರಡು ವಾರದ ಸಮಯ ಸಿಗುತ್ತದೆ. ನಮ್ಮ ಕಡೆ ತೊಗರಿ ಬಿತ್ತುವವರಿಗೆ ಇದನ್ನು ವಿವರಿಸಬೇಕಿಲ್ಲ: ಹದ ಬಂದ ದಿನ ಮನೆಯಲ್ಲಿ ಇರುವ ಬೀಜ ಹೊಲಕ್ಕೆ ಹೋಗುತ್ತದೆ, ಬರಬೇಕಾಗಿದ್ದ ಬೀಜಕ್ಕಾಗಿ ಹದ ಕಾಯುವುದಿಲ್ಲ.

ಈ ಶಿಸ್ತಿನ ಬೆಲೆ ಹೊರಗಿನಿಂದ ತಿಳಿಯುವುದಿಲ್ಲ. ತಾರೀಖು ಸಡಿಲವಾಗಿದ್ದರೆ ಪ್ರತಿಯೊಬ್ಬರೂ ತಮ್ಮ ಸೌಲಭ್ಯಕ್ಕಾಗಿ ಇನ್ನೊಂದು ವಾರ ಕೇಳುತ್ತಾರೆ. ಸಂಬಳ ಪಡೆದು ಕೆಲಸ ಮಾಡುವವರು ಅಲ್ಲಿ ಬೆರಳೆಣಿಕೆಯಷ್ಟು. ಜಾಂಗೋ ಸಾಫ್ಟ್‌ವೇರ್ ಫೌಂಡೇಷನ್ ದೇಣಿಗೆಯ ಹಣದಲ್ಲಿ ಫೆಲೋಗಳನ್ನು ನೇಮಿಸಿಕೊಂಡಿದೆ. ಟಿಕೆಟ್ ವಿಂಗಡಿಸುವುದು, ಪ್ಯಾಚ್ ಪರಿಶೀಲಿಸುವುದು, ಆವೃತ್ತಿ ಹೊರತರುವುದು ಅವರ ಹೊಣೆ. ಉಳಿದವರೆಲ್ಲ ತಮ್ಮ ಊಟ, ನಿದ್ದೆ, ಸಂಸಾರದ ನಡುವೆ ಬಿಡುವು ಮಾಡಿಕೊಂಡವರು. ಅಂಥವರಿಗೆ ಇಂಥದ್ದನ್ನು ಇಂಥ ತಿಂಗಳು ಕೊಡಲೇಬೇಕು ಎಂದು ಹೇಳಲು ಯಾರಿಗೂ ಅಧಿಕಾರವಿಲ್ಲ. ಇಂಥ ತಿಂಗಳು ಬಾಗಿಲು ಮುಚ್ಚುತ್ತದೆ ಎಂದು ಮಾತ್ರ ಹೇಳಬಹುದು. ಆ ಒಂದು ಮಾತನ್ನು ತಪ್ಪದೆ ನಡೆಸಿಕೊಂಡು ಬಂದಿದ್ದಾರೆ.

5.2ರ ಆಲ್ಫಾ 2025ರ ಜನವರಿ ಮಧ್ಯದಲ್ಲಿ ಬಂತು. ನಮ್ಮಲ್ಲಿ ಅದು ಸಂಕ್ರಾಂತಿಯ ಹೊತ್ತು, ತೊಗರಿ ರಾಶಿಯ ಭರಾಟೆ. ಬೆಳಗಿನಿಂದ ಎಪಿಎಂಸಿ ಆವರಣದಲ್ಲಿ ಮೂಟೆಗಳು ಇಳಿಯುತ್ತಿರುತ್ತವೆ, ತೂಕದ ಚೀಟಿಗಳು ಒಂದರ ಮೇಲೊಂದು ಬರುತ್ತಿರುತ್ತವೆ, ತೇವಾಂಶದ ವಿಷಯದಲ್ಲಿ ಮಾತಿಗೆ ಮಾತು ಬೆಳೆಯುತ್ತಿರುತ್ತದೆ. ತಂತ್ರಾಂಶ ಒಂದು ಗಂಟೆ ನಿಂತರೂ ರೈತ ಗಾಡಿಯ ಬಾಡಿಗೆ ಹೆಚ್ಚು ಕೊಡಬೇಕಾಗುತ್ತದೆ. ಅಂಥ ತಿಂಗಳಲ್ಲಿ ಆಲ್ಫಾ ಪರೀಕ್ಷಿಸುವುದು ಹಗಲಲ್ಲಿ ಆಗುವ ಮಾತಲ್ಲ. ರಾತ್ರಿ, ಬೇರೆ ಯಂತ್ರದಲ್ಲಿ, ಹೆಸರು ಮತ್ತು ಫೋನ್ ನಂಬರ್ ಅಳಿಸಿದ ಕೋಷ್ಟಕಗಳ ನಕಲಿನ ಮೇಲೆ ಹೊಸ ಆವೃತ್ತಿ ಹಾಕಿದೆ. ಕೋಷ್ಟಕ ಮೊದಲೇ ಇರುವುದರಿಂದ ಅದನ್ನು ಕಟ್ಟುವುದು, ಬದಲಿಸುವುದು ಜಾಂಗೋದ ಕೆಲಸವಲ್ಲ ಎಂದು ಮಾಡೆಲ್‌ನಲ್ಲಿ ತಿಳಿಸಿದೆ. ನಾಲ್ಕು ಫೀಲ್ಡ್‌ಗಳ ಹೆಸರು ಕೊಟ್ಟು ಕಾಂಪೋಸಿಟ್ ಪ್ರೈಮರಿ ಕೀ ಬರೆದೆ. ಒಂದು ಹೊಲವನ್ನು ತರಿಸಿ ಅದರ ಪಿಕೆ (ಪ್ರೈಮರಿ ಕೀ) ಏನೆಂದು ಕೇಳಿದೆ. ಗ್ರಾಮದ ಸಂಕೇತ, ಸರ್ವೆ ನಂಬರ್, ನಕ್ಷತ್ರದ ಗುರುತು, ಹಿಸ್ಸಾ ನಾಲ್ಕೂ ಒಂದು ಜೋಡಣೆಯಾಗಿ ತೆರೆಯ ಮೇಲೆ ಬಂದವು. ಆ ಸಾಲನ್ನು ಗೆಳೆಯನಿಗೆ ಆಗಲೇ ಕಳುಹಿಸಿದೆ.

ಆಲ್ಫಾ ಪರೀಕ್ಷೆ ಎಂದರೆ ಸಂತೋಷಪಡುವುದಷ್ಟೇ ಅಲ್ಲ, ಅನುಮಾನಪಡುವುದು. ನಮ್ಮ ವರದಿಗಳಲ್ಲಿ ಎಣಿಕೆ, ಗರಿಷ್ಠ, ಮೊತ್ತ ಎಲ್ಲವೂ ಇವೆ. ಪಿಕೆ ಎಂಬುದು ನಾಲ್ಕು ಕಾಲಂ ಆದಾಗ ಇವುಗಳ ಅರ್ಥವೇನು? ಎಷ್ಟು ಹೊಲ ಎಂದು ಎಣಿಸಬಹುದು. ಗರಿಷ್ಠ ಪಿಕೆ ಎಂದರೆ ಏನೂ ಅರ್ಥವಿಲ್ಲ. ಅಂತಿಮ ಕೈಪಿಡಿಯಲ್ಲಿ ಇದು ಸ್ಪಷ್ಟವಾಗಿದೆ: ಒಂದೇ ಮೌಲ್ಯವನ್ನು ಒಪ್ಪುವ ಫಂಕ್ಷನ್‌ಗೆ ಕೂಡು ಕೀ ಕೊಟ್ಟರೆ ದೋಷ ಎದ್ದು ನಿಲ್ಲುತ್ತದೆ, ಎಣಿಕೆಗೆ ಮಾತ್ರ ವಿನಾಯಿತಿ. ಸುಮ್ಮನೆ ತಪ್ಪು ಉತ್ತರ ಕೊಡುವುದಕ್ಕಿಂತ ಜೋರಾಗಿ ಇಲ್ಲ ಎನ್ನುವುದು ಎಷ್ಟೋ ಮೇಲು. ಕ್ವಿಂಟಲ್ ಲೆಕ್ಕದಲ್ಲಿ ಸುಮ್ಮನೆ ಬಂದ ತಪ್ಪು ಉತ್ತರ ಯಾರದೋ ಮನೆಯ ದುಡ್ಡು.

ನನಗೆ ಅನುಮಾನ ಬಂದ ಒಂದು ಪ್ರಶ್ನೆಯನ್ನು ಚಿಕ್ಕದಾಗಿ ಇಳಿಸಿ, ಎರಡು ಮಾಡೆಲ್, ಹತ್ತು ಸಾಲಿನೊಳಗೆ ಮತ್ತೆ ತೋರಿಸುವಂತೆ ಬರೆದುಕೊಂಡೆ. ಟಿಕೆಟ್ ತೆರೆಯುವ ಮುನ್ನ ಹುಡುಕಿದಾಗ ಬೇರೊಬ್ಬರು ಅದೇ ವಿಷಯವನ್ನು ಆಗಲೇ ವರದಿ ಮಾಡಿದ್ದರು. ಮತ್ತೊಂದು ತೆರೆಯುವ ಅಗತ್ಯವಿರಲಿಲ್ಲ. ಅಲ್ಲಿದ್ದ ಪ್ಯಾಚನ್ನು ಇಳಿಸಿಕೊಂಡು ನಮ್ಮ ನಕಲಿನ ಮೇಲೆ ನಡೆಸಿ, ಇಂಥ ಪೋಸ್ಟ್‌ಗ್ರೆಸ್ ಆವೃತ್ತಿಯಲ್ಲಿ, ನಾಲ್ಕು ಕಾಲಂ ಕೀಯೊಂದಿಗೆ ಸರಿ ಹೋಗಿದೆ ಎಂದು ಬರೆದೆ. ಪರಿಶೀಲಿಸುವವರಿಗೆ ಬೇಕಾಗಿರುವುದು ಇದೇ ಎಂದು ಆಗ ತಿಳಿಯಿತು. ಒಳ್ಳೆಯ ಕೋಡ್ ಬರೆಯುವವರಿಗೆ ಅಲ್ಲಿ ಅಷ್ಟೇನೂ ಕೊರತೆ ಇಲ್ಲ. ನಿಜವಾದ ದತ್ತಾಂಶದ ಮೇಲೆ ಇನ್ನೊಬ್ಬರ ಕೋಡ್ ನಡೆಸಿ ನೋಡಿ, ನೋಡಿದ್ದನ್ನು ನೆಟ್ಟಗೆ ಬರೆಯುವವರ ಕೊರತೆ ಇದೆ. ನಿಯಮವೂ ಹಾಗೆಯೇ ಇದೆ: ಟಿಕೆಟ್ ತೆರೆದವರೇ ಅದನ್ನು ಒಪ್ಪಿತ ಎಂದು ಗುರುತಿಸುವಂತಿಲ್ಲ, ಪ್ಯಾಚ್ ಬರೆದವರೇ ಅದು ಸೇರಿಸಲು ಸಿದ್ಧ ಎಂದು ಹೇಳುವಂತಿಲ್ಲ. ಪ್ರತಿ ಹೆಜ್ಜೆಗೂ ಎರಡನೆಯ ಕಣ್ಣು ಬೇಕು. ಆ ಎರಡನೆಯ ಕಣ್ಣು ಯಾರದ್ದಾದರೂ ಆಗಬಹುದು, ಕಲಬುರಗಿಯಲ್ಲಿ ಕುಳಿತವರದ್ದೂ ಆಗಬಹುದು.

ಏಪ್ರಿಲ್ 2ರಂದು 5.2 ಬಂತು. ನಾವು ಅದನ್ನು ಕೂಡಲೇ ಹಾಕಲಿಲ್ಲ. 4.2ರಿಂದ ಇಲ್ಲಿಯವರೆಗೆ ಏರಬೇಕಿದ್ದುದರಿಂದ ನಡುವೆ ಕೈಬಿಟ್ಟ ಸಂಗತಿಗಳನ್ನು ಒಂದೊಂದಾಗಿ ನೋಡಬೇಕಿತ್ತು. ಜಾಂಗೋ ಯಾವುದನ್ನೂ ಏಕಾಏಕಿ ಕಿತ್ತುಹಾಕುವುದಿಲ್ಲ. ಹೋಗಲಿದೆ ಎಂದು ಮೊದಲು ಎಚ್ಚರಿಸುತ್ತದೆ, ಕನಿಷ್ಠ ಎರಡು ಆವೃತ್ತಿಗಳವರೆಗೆ ನಡೆಸಿಕೊಡುತ್ತದೆ. ಲಾಗ್ಔಟ್ ಮಾಡಲು ಬರಿಯ ಕೊಂಡಿ ಒತ್ತುವ ಕ್ರಮ ಹೋಗುತ್ತದೆ ಎಂದು 4.1ರಲ್ಲೇ ಹೇಳಿದ್ದರು, 5.0ರಲ್ಲಿ ತೆಗೆದರು. ಈಗ ಅದಕ್ಕೆ ಫಾರ್ಮ್ ಬೇಕು. ಎಚ್ಚರಿಕೆಗಳೆಲ್ಲ ಕಾಣುವಂತೆ ಮಾಡಿ ನಮ್ಮ ಪರೀಕ್ಷೆಗಳನ್ನು 4.2ರಲ್ಲೇ ನಡೆಸಿ, ಕಂಡದ್ದನ್ನು ಸರಿಪಡಿಸಿ, ನಂತರ ಒಂದೊಂದೇ ಆವೃತ್ತಿ ಏರಿದೆವು. ಪೋಸ್ಟ್‌ಗ್ರೆಸ್ ಕೂಡ ಮೇಲಕ್ಕೆ ಹೋಗಬೇಕಾಯಿತು, ಏಕೆಂದರೆ 5.2ಕ್ಕೆ ಕನಿಷ್ಠ 14 ಬೇಕು. ಇದೆಲ್ಲ ಮೇ ತಿಂಗಳ ಬಿಸಿಲಿನಲ್ಲಿ, ಕರೆಂಟ್ ಬಂದು ಹೋಗುವ ನಡುವೆ ಆಯಿತು. ಹೆಚ್ಚು ಹೇಳುವಂಥದ್ದೇನೂ ಇಲ್ಲ, ತಾಳ್ಮೆಯ ಕೆಲಸ.

ಫಾರಿನ್ ಕೀ ಇಲ್ಲದ ಕೊರತೆ ಮಾತ್ರ ನಮ್ಮನ್ನು ತಟ್ಟಿತು. ರಾಶಿಯ ಕೋಷ್ಟಕ ಹೊಲದ ಕೋಷ್ಟಕವನ್ನು ನಾಲ್ಕು ಕಾಲಂಗಳಿಂದ ನೆನಪಿಟ್ಟುಕೊಳ್ಳುತ್ತದೆ. ಫಾರಿನ್ ಆಬ್ಜೆಕ್ಟ್ ಎಂಬ ಒಳಗಿನ ಸಾಧನದಿಂದ ಕೊಂಡಿ ಹಾಕಬಹುದು ಎಂದು ಕೈಪಿಡಿಯೇ ತೋರಿಸುತ್ತದೆ. ಅದು ಒಳಬಳಕೆಯದ್ದು, ಮುನ್ನೆಚ್ಚರಿಕೆ ಇಲ್ಲದೆ ಬದಲಾಗಬಹುದು ಎಂದೂ ಹೇಳುತ್ತದೆ. ಅದನ್ನು ಒಂದೇ ಕಡತದಲ್ಲಿ, ಒಂದೇ ಜಾಗದಲ್ಲಿ ಬಳಸಿದೆವು. ಅದರ ಮೇಲೆ ಪರೀಕ್ಷೆ ಬರೆದಿಟ್ಟೆವು. ಬದಲಾದ ದಿನ ಪರೀಕ್ಷೆ ಬಿದ್ದು ನಮಗೆ ತಿಳಿಯುತ್ತದೆ.

ಇನ್ನೊಂದು ಸಂಗತಿ ನನ್ನ ಮನಸ್ಸಿಗೆ ಇದಕ್ಕಿಂತ ಹತ್ತಿರದ್ದು. ಸದಸ್ಯರಿಗೆ ತೋರಿಸುವ ಪುಟಗಳ ವಿಳಾಸ ಕನ್ನಡದಲ್ಲೇ ಇರಲಿ ಎಂಬುದು ನನ್ನ ಆಸೆ. ಶೀರ್ಷಿಕೆಯಿಂದ ಸ್ಲಗ್, ಅಂದರೆ ವಿಳಾಸದ ತುಂಡು, ಮಾಡಿಕೊಡುವ ಸ್ಲಗಿಫೈ ಎಂಬ ಫಂಕ್ಷನ್ ಜಾಂಗೋದಲ್ಲಿದೆ. ಯೂನಿಕೋಡ್‌ಗೆ ಅನುಮತಿ ಕೊಟ್ಟು ‘ತೊಗರಿ’ ಎಂದು ಹಾಕಿದರೆ ಅದು ‘ತಗರ’ ಎಂದು ಹೊರಗೆ ಬರುತ್ತದೆ. ‘ಜೋಳ’ ಹೋಗಿ ‘ಜಳ’ ಆಗುತ್ತದೆ, ‘ಕಲಬುರಗಿ’ ಹೋಗಿ ‘ಕಲಬರಗ’. ಒತ್ತಕ್ಷರ ಕಟ್ಟುವ ಹಲಂತ ಚಿಹ್ನೆಯೂ ಬಿದ್ದುಹೋಗುವುದರಿಂದ ‘ಕಲ್ಯಾಣ’ ಎಂಬುದು ‘ಕಲಯಣ’. ಕಾರಣ ಜಾಂಗೋದಲ್ಲಿಲ್ಲ, ಅದರ ಕೆಳಗಿದೆ. ಯಾವುದು ಪದದ ಅಕ್ಷರ ಎಂದು ಜಾಂಗೋ, ಪಠ್ಯದಲ್ಲಿ ಮಾದರಿ ಹುಡುಕುವ ಪೈಥಾನ್‌ನ ರೆಗ್ಯುಲರ್ ಎಕ್ಸ್‌ಪ್ರೆಶನ್ ವ್ಯವಸ್ಥೆಯನ್ನು ಕೇಳುತ್ತದೆ. ಆ ವ್ಯವಸ್ಥೆ ಕ, ತ, ಜ ಮುಂತಾದವನ್ನು ಅಕ್ಷರ ಎನ್ನುತ್ತದೆ. ಕೊಂಬು, ಗುಡಿಸು, ಎತ್ವ, ಹಲಂತ ಇವು ಯೂನಿಕೋಡ್‌ನಲ್ಲಿ ಅಕ್ಷರಕ್ಕೆ ಅಂಟುವ ಗುರುತುಗಳ ವರ್ಗದಲ್ಲಿರುವುದರಿಂದ ಅವನ್ನು ಹೊರಗಿಡುತ್ತದೆ. ಹಿಂದಿ, ತೆಲುಗು, ತಮಿಳು ಎಲ್ಲಕ್ಕೂ ಇದೇ ಗತಿ. ಪೈಥಾನ್ ಬಳಗದ ಮುಂದೆ ಈ ದೂರು ಹದಿನೈದು ವರ್ಷಕ್ಕೂ ಹಿಂದಿನಿಂದ ಇದೆ.

ಜಾಂಗೋ ತಾನೇ ಇದನ್ನು ಸರಿಪಡಿಸಿಕೊಳ್ಳಲಿ ಎನ್ನುವುದು ಸುಲಭ. ಯೋಜನೆ ನಡೆಸುವವರ ಜಾಗದಲ್ಲಿ ನಿಂತು ನೋಡಿದಾಗ ಅದು ಅಷ್ಟು ಸುಲಭವಲ್ಲ ಎಂದು ಅರಿವಾಯಿತು. ಫಂಕ್ಷನ್ ಬದಲಾದ ದಿನದಿಂದ ಅದೇ ಶೀರ್ಷಿಕೆಗೆ ಬೇರೆ ವಿಳಾಸ ಹುಟ್ಟುತ್ತದೆ. ಹಳೆಯ ವಿಳಾಸವನ್ನು ಮತ್ತೆ ಲೆಕ್ಕ ಹಾಕಿ ಹುಡುಕುವ ತಾಣಗಳಲ್ಲಿ ಕೊಂಡಿಗಳು ಮುರಿಯುತ್ತವೆ. ಸ್ಲಗ್ ಫೀಲ್ಡ್‌ನ ಪರಿಶೀಲನಾ ನಿಯಮವೂ ಅದೇ ಪೈಥಾನ್ ವ್ಯವಸ್ಥೆಯನ್ನು ನಂಬಿದೆ, ಅದೂ ಒಟ್ಟಿಗೆ ಬದಲಾಗಬೇಕು. ವಿಳಾಸದ ಮಾದರಿಗಳಲ್ಲಿ ಬರುವ ಸ್ಲಗ್ ಪರಿವರ್ತಕವಂತೂ ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ, ಅಡಿಗೆರೆ ಬಿಟ್ಟರೆ ಬೇರೇನನ್ನೂ ಒಪ್ಪುವುದಿಲ್ಲ. ಇದು ಒಂದು ಸಾಲಿನ ತಿದ್ದುಪಡಿ ಅಲ್ಲ. ಹಾಗೆಂದು ಕೈಬಿಡುವಂಥದ್ದೂ ಅಲ್ಲ, ಏಕೆಂದರೆ ಸ್ವರಚಿಹ್ನೆ ಇಲ್ಲದೆ ನಮ್ಮ ಬರಹವೇ ಇಲ್ಲ. ಕೋಟಿಗಟ್ಟಲೆ ಜನ ಓದುವ ಲಿಪಿಗಳನ್ನು ಅರ್ಧಂಬರ್ಧ ಓದುವ ವ್ಯವಸ್ಥೆ ಹಾಗೆಯೇ ಉಳಿಯಬಾರದು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಸದ್ಯಕ್ಕೆ ನಮ್ಮದೇ ಫಂಕ್ಷನ್ ಬರೆದುಕೊಂಡಿದ್ದೇವೆ. ಪ್ರತಿ ಚಿಹ್ನೆಯ ಯೂನಿಕೋಡ್ ವರ್ಗ ನೋಡಿ ಅಕ್ಷರ, ಗುರುತು, ಅಂಕಿ ಈ ಮೂರನ್ನು ಉಳಿಸಿಕೊಳ್ಳುತ್ತದೆ, ಉಳಿದದ್ದನ್ನು ಅಡ್ಡಗೆರೆ ಮಾಡುತ್ತದೆ. ಸ್ಲಗ್ ಫೀಲ್ಡ್ ಬದಲು ಸಾಮಾನ್ಯ ಅಕ್ಷರದ ಫೀಲ್ಡ್, ಅದಕ್ಕೆ ನಮ್ಮದೇ ಪರಿಶೀಲನೆ. ವಿಳಾಸದ ಮಾದರಿಯಲ್ಲಿ ಸ್ಲಗ್ ಬದಲು ಸ್ಟ್ರಿಂಗ್ ಪರಿವರ್ತಕ. ಇಷ್ಟಾದರೆ ‘ತೊಗರಿ’ ತೊಗರಿಯಾಗಿಯೇ ಉಳಿಯುತ್ತದೆ. ಮುಂದಿನ ಹೆಜ್ಜೆಗೆ ಬೇಕಾದ ಸಾಮಗ್ರಿಯನ್ನು ಕೂಡಿಸುತ್ತಿದ್ದೇವೆ. ಬೇರೆ ಬೇರೆ ಭಾರತೀಯ ಲಿಪಿಗಳಲ್ಲಿ ಯಾವ ಪದ ಹೇಗೆ ಮುರಿಯುತ್ತದೆ ಎಂಬ ಪಟ್ಟಿ, ಹಳೆಯ ವಿಳಾಸಗಳನ್ನು ಮುರಿಯದೆ ಹೊಸ ನಡವಳಿಕೆಯನ್ನು ಆಯ್ಕೆಯಾಗಿ ಕೊಡುವ ಬಗೆ, ಅದಕ್ಕೆ ಬೇಕಾದ ಪರೀಕ್ಷೆಗಳು. ಪಟ್ಟಿಯಲ್ಲಿ ಕನ್ನಡದ ಭಾಗವನ್ನು ಇಲ್ಲಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮಾಡುತ್ತಿದ್ದಾರೆ. ಮನೆಯಲ್ಲಿ ತೆಲುಗು ಆಡುವ ಸೇಡಂ ಕಡೆಯ ಹುಡುಗಿಯೊಬ್ಬಳು ತೆಲುಗಿನದನ್ನು ವಹಿಸಿಕೊಂಡಿದ್ದಾಳೆ.

ಶನಿವಾರ ಸಂಜೆ ಅವರೊಂದಿಗೆ ಕುಳಿತಾಗ ಮೊದಲು ಕೇಳುವ ಪ್ರಶ್ನೆ, ನಾವು ಯಾವ ಸೌಲಭ್ಯ ಬರೆಯಬಹುದು ಎಂದು. ಟಿಕೆಟ್‌ಗಳ ಪಟ್ಟಿ ತೆಗೆದು, ಪ್ಯಾಚ್ ಇದೆ ಆದರೆ ಯಾರೂ ನೋಡಿಲ್ಲ ಎನ್ನುವವುಗಳನ್ನು ತೋರಿಸುತ್ತೇನೆ. ಒಂದನ್ನು ಆರಿಸಿ, ದೋಷವನ್ನು ಮೊದಲು ತಮ್ಮ ಯಂತ್ರದಲ್ಲಿ ಮತ್ತೆ ತೋರಿಸಬೇಕು. ಪ್ಯಾಚ್ ಹಾಕಿ ದೋಷ ಹೋಯಿತೇ ನೋಡಬೇಕು. ಪ್ಯಾಚ್ ತೆಗೆದು ಹೊಸ ಪರೀಕ್ಷೆ ಬೀಳುತ್ತದೆಯೇ ಎಂದೂ ನೋಡಬೇಕು. ಬೀಳದಿದ್ದರೆ ಆ ಪರೀಕ್ಷೆ ಏನನ್ನೂ ಕಾಯುತ್ತಿಲ್ಲ. ಕೈಪಿಡಿಯ ಮಾತು ಬದಲಾಗಬೇಕೇ ಎಂದು ಕೇಳಬೇಕು. ಇಷ್ಟು ಮಾಡಿ ಎರಡು ಸಾಲು ಬರೆದರೆ ಮರುದಿನ ಬೆಳಿಗ್ಗೆ ಯುರೋಪಿನಿಂದಲೋ ಅಮೆರಿಕದಿಂದಲೋ ಉತ್ತರ ಬಂದಿರುತ್ತದೆ. ತನ್ನ ಮಾತಿನಿಂದ ಒಂದು ಟಿಕೆಟ್ ಮುಂದಕ್ಕೆ ಸರಿದದ್ದನ್ನು ಕಂಡ ವಿದ್ಯಾರ್ಥಿ ಮುಂದಿನ ವಾರ ಕರೆಯದೆಯೇ ಬರುತ್ತಾನೆ.

2025ರ ಡಿಸೆಂಬರ್‌ನಲ್ಲಿ 6.0 ಬಂದಿದೆ. ಹಿನ್ನೆಲೆಯಲ್ಲಿ ನಡೆಯುವ ಕೆಲಸಗಳಿಗೆ ಜಾಂಗೋದ್ದೇ ಚೌಕಟ್ಟು ಅದರಲ್ಲಿದೆ. ತೂಕದ ಚೀಟಿಯ ಸಂದೇಶ ಕಳುಹಿಸುವುದಕ್ಕೆ ನಮಗೆ ಬೇಕಾದದ್ದೇ. ಆದರೂ ಸಂಸ್ಥೆಯ ತಂತ್ರಾಂಶವನ್ನು 5.2ರಲ್ಲೇ ಉಳಿಸಿಕೊಳ್ಳಲು ತೀರ್ಮಾನಿಸಿದ್ದೇವೆ, ಅದಕ್ಕೆ 2028ರ ಏಪ್ರಿಲ್‌ವರೆಗೆ ಭದ್ರತಾ ತಿದ್ದುಪಡಿಗಳು ಸಿಗುತ್ತವೆ. ಮುಂದಿನ ದೀರ್ಘಾವಧಿ ಬೆಂಬಲದ ಆವೃತ್ತಿ 6.2, 2027ರ ಏಪ್ರಿಲ್‌ಗೆ ನಿಗದಿಯಾಗಿದೆ. ಅಂದರೆ ಅದರ ಆಲ್ಫಾ ಮತ್ತೆ ಜನವರಿಯ ಸುತ್ತಮುತ್ತ, ರಾಶಿಯ ತಿಂಗಳಲ್ಲೇ ಬೀಳುತ್ತದೆ. ಅದಕ್ಕಾಗಿ ಹೆಸರು ಅಳಿಸಿದ ಕೋಷ್ಟಕಗಳ ನಕಲನ್ನು 2026ರ ನವೆಂಬರ್‌ನಲ್ಲೇ ಸಿದ್ಧ ಮಾಡಿ ವಿದ್ಯಾರ್ಥಿಗಳ ಯಂತ್ರಗಳಿಗೆ ಹಾಕಿಡಬೇಕು ಎಂದು ಕಚೇರಿಯ ಕ್ಯಾಲೆಂಡರ್‌ನಲ್ಲಿ ಬರೆದಿದ್ದೇವೆ.